ಮಗ್ಗಲ ಕಣ

ಒಣಹಾಕಿದ ಮೆಣಸಿನಕಾಯಿಯ ಮೇಲೆ ಮಳೆ ತಡೆಯುವ ಟಾರ್ಪಾಲನ್ನು, ಅಂದರೆ ತಾಡಪತ್ರಿಯನ್ನು, ಎಷ್ಟು ಹೊತ್ತಿಗೆ ಎಳೆಯಬೇಕು ಎಂಬ ಗಹನವಾದ ಪ್ರಶ್ನೆಯನ್ನು ಇತಿಹಾಸ ಬರೆಯುವವರು ಇಲ್ಲಿಯವರೆಗೆ ಕಡೆಗಣಿಸಿಕೊಂಡು ಬಂದಿದ್ದಾರೆ. ರಾಜರು ಯಾವಾಗ ಪಟ್ಟಕ್ಕೇರಿದರು, ಯಾವಾಗ ಇಳಿದರು ಎಂಬುದೆಲ್ಲ ತಾರೀಖು ಸಮೇತ ಸಿಗುತ್ತದೆ. ತಾಡಪತ್ರಿಯ ತಾರೀಖು ಸಿಗುವುದಿಲ್ಲ. ಬೂದಗಟ್ಟಿ ಊರಿನವರನ್ನು ಕೇಳಿದರೆ ಪಟ್ಟಕ್ಕೆ ಯಾರು ಬಂದರೂ ನಡೆಯುತ್ತದೆ, ತಾಡಪತ್ರಿ ಮಾತ್ರ ಹತ್ತು ನಿಮಿಷ ತಡವಾಗಕೂಡದು ಎನ್ನುತ್ತಾರೆ. ಬೇಗ ಎಳೆದರೆ ಕಾಯಿ ಒಳಗೇ ಬೆವತು ಕಪ್ಪಾಗುತ್ತದೆ. ತಡವಾದರೆ ನೆನೆದು ಬೂಷ್ಟು ಹಿಡಿಯುತ್ತದೆ. ಬೂಷ್ಟು ಹಿಡಿದ ಕಾಯಿಯನ್ನು ಮಾರುಕಟ್ಟೆಯ ಪರೀಕ್ಷೆಯ ಯಂತ್ರ ವಾಸನೆಯಲ್ಲೇ ಗುರುತಿಸಿ ಹಿಂದಕ್ಕೆ ಕಳಿಸುತ್ತದೆ. ಆ ಯಂತ್ರಕ್ಕೆ ಯಾರ ಕಷ್ಟವೂ ಗೊತ್ತಿಲ್ಲ, ಯಾರ ಪರಿಚಯವೂ ಇಲ್ಲ.

ಬೂದಗಟ್ಟಿಯ ಹೊರಗೆ ಎರಡು ಕಣಗಳಿದ್ದವು. ನಡುವೆ ಎಮ್ಮೆಹಳ್ಳ, ಹಳ್ಳದ ಗುಂಟ ಜಾಲಿ ಬೆಳೆದ ಎತ್ತರದ ಏರಿ. ಒಂದೊಂದು ಕಣ ನಲವತ್ತು ಎಕರೆ. ಬೇಸಿಗೆ ಪೂರ್ತಿ ಅಷ್ಟೂ ನೆಲದ ಮೇಲೆ ಕೆಂಪು ಹಾಸಿದಂತೆ ಕಾಯಿ ಒಣಗುತ್ತಿತ್ತು. ಖಾರ ಕಡಿಮೆ, ಬಣ್ಣ ಹೆಚ್ಚು. ಹಡಗು ಹತ್ತಿ ಹೋಗಿ, ಈ ಊರಿನ ಹೆಸರೂ ಕೇಳಿರದ ಯಾರದೋ ತುಟಿಯ ಮೇಲೆ ಅದು ಬಣ್ಣವಾಗಿ ಕೂಡುತ್ತಿತ್ತು. ಪಡುವಲ ಕಣ ಈರಪ್ಪ ಮೇಗೇರಿ ಮತ್ತು ಅವನ ಜತೆಯ ಹನ್ನೆರಡು ವರ್ತಕರದು. ಮೂಡಲ ಕಣ ಎರಡು ವರ್ಷದಿಂದ ನೂರಾ ಅರವತ್ತು ಹೆಂಗಸರದು. ಅದಕ್ಕೂ ಮೊದಲು ಈ ಹೆಂಗಸರೆಲ್ಲ ಕಂಡವರ ಕಣದಲ್ಲಿ ಕೂತು ಕಾಯಿಯ ತೊಟ್ಟು ಬಿಡಿಸುತ್ತಿದ್ದವರು. ಅವರ ಮುಂದಾಳು ಗಿರಿಜವ್ವ ಹಂಚಿನಮನಿ. ಹದಿನೆಂಟು ವರ್ಷ ತೊಟ್ಟು ಬಿಡಿಸಿದ ಆಕೆ ಕೈಯ ಖಾರಕ್ಕೆ ಹೆದರಿ ಅಷ್ಟೂ ವರ್ಷ ತನ್ನ ಕಣ್ಣನ್ನು ತಾನು ಉಜ್ಜಿಕೊಂಡವಳಲ್ಲ. ಕಣ್ಣಿಗೆ ಧೂಳು ಬಿದ್ದರೆ ತಂಗಿಯನ್ನು ಕರೆಯುತ್ತಿದ್ದಳು.

ಕಣವನ್ನು ಹೆಂಗಸರಿಗೆ ಕೊಟ್ಟ ಮಾರುಕಟ್ಟೆ ಸಮಿತಿ ಒಂದು ಷರತ್ತು ಹಾಕಿತ್ತು. ಎರಡು ವರ್ಷದೊಳಗೆ, ಒಂದು ಸಲಕ್ಕೆ ಒಣಗಿಸಿದ ಒಂದೇ ಒಂದು ಪೂರ್ತಿ ಲಾಟು ಪರೀಕ್ಷೆಯಲ್ಲಿ ತೇರ್ಗಡೆಯಾದರೆ ಕಣ ಹತ್ತು ವರ್ಷ ಅವರದೇ, ಇಲ್ಲದಿದ್ದರೆ ಹರಾಜು. ಹೆಂಗಸರು ಹಾಕಿದ ಐದಕ್ಕೆ ಐದೂ ಲಾಟು ಮಳೆಗೆ ಸಿಕ್ಕಿದ್ದವು. ಈಗ ನೆಲದ ಮೇಲಿದ್ದದ್ದು ಕಡೆಯ ಲಾಟು, ಆರು ಸಾವಿರ ಚೀಲದ ಕಾಯಿ.

ಊರಿನಲ್ಲಿ ಒಂದು ಪದ್ಧತಿ ಇತ್ತು. ಮೋಡ ಕಟ್ಟಿತೆಂದರೆ ಮೊದಲು ಮಗ್ಗಲ ಕಣ ಮುಚ್ಚಬೇಕು, ಆಮೇಲೆ ತನ್ನದು. ಮೊದಲು ಕಂಡವರು ಪಕ್ಕದವರ ಕಣಕ್ಕೆ ಓಡಿ ತಾಡಪತ್ರಿಯ ಒಂದು ಸೆರಗು ಹಿಡಿಯುತ್ತಿದ್ದರು. ಅದು ಮುಗಿದ ಮೇಲೆ ಎಲ್ಲರೂ ಕೂಡಿ ಇವರ ಕಣಕ್ಕೆ. ಇದರಲ್ಲಿ ಪುಣ್ಯಕ್ಕಿಂತ ಲೆಕ್ಕಾಚಾರವೇ ಹೆಚ್ಚು. ಮುನ್ನೂರು ಜನ ಒಂದು ಕಣವನ್ನು ಹದಿನೈದು ನಿಮಿಷದಲ್ಲಿ ಮುಚ್ಚುತ್ತಾರೆ, ಅದರ ಅರ್ಧ ಜನಕ್ಕೆ ನಲವತ್ತು ನಿಮಿಷ ಬೇಕು. ಆದರೆ ಲೆಕ್ಕಾಚಾರಕ್ಕೆ ವಯಸ್ಸಾದರೆ ಅದು ಧರ್ಮವಾಗುತ್ತದೆ. ಮಗ್ಗಲ ಕಣ ನೆನೆಯಲು ಬಿಟ್ಟು ತನ್ನದು ಮುಚ್ಚಿಕೊಂಡ ಒಬ್ಬನ ಮನೆಗೆ ಮೂರು ತಲೆಮಾರು ಹೆಣ್ಣು ಕೊಟ್ಟಿರಲಿಲ್ಲ. ಆ ಮನೆಯ ಗಂಡಸರು ದೂರದ ಊರುಗಳಿಂದ ಹೆಣ್ಣು ತಂದು ಸುಖವಾಗಿಯೇ ಇದ್ದರು. ಆದರೂ ಊರವರು ಆ ಕಥೆಯನ್ನು ಬಿಟ್ಟಿರಲಿಲ್ಲ.

ಇಂಥ ಊರಿಗೆ 'ಗಳಿಗೆ' ಎಂಬ ಹವಾಮಾನದ ಕಂಪನಿ ಬಂತು. ಮುಚ್ಚಿಹೋಗಿದ್ದ ಅರಳೆ ಗಿರಣಿಯ ಮಾಳಿಗೆಯ ಮೇಲೆ ರೇಡಾರು ಕೂತಿತು. ಎರಡೂ ಕಣಗಳಲ್ಲಿ ನೂರು ಅಡಿಗೊಂದು ಕಂಬ ನೆಟ್ಟರು. ಕಂಬಗಳು ಗಾಳಿ, ಬಿಸಿ, ತೇವ ಅಳೆದು ಯಂತ್ರಕ್ಕೆ ಹೇಳುತ್ತಿದ್ದವು. ಯಂತ್ರ ಮುಂದಿನ ಏಳು ಗಳಿಗೆಯ, ಅಂದರೆ ಸುಮಾರು ಮೂರು ಗಂಟೆಯ ಹವಾಮಾನವನ್ನು ಎಕರೆ ಎಕರೆಗೆ ಲೆಕ್ಕ ಹಾಕಿ ಅದೇ ಕಂಬಗಳಿಂದ, ನೂರು ಅಡಿಯಾಚೆ ಕೇಳದಷ್ಟು ಮೆಲುದನಿಯಲ್ಲಿ, ಹೇಳುತ್ತಿತ್ತು. ಮೂರು ಗಂಟೆಯಾಚೆ ಆ ಯಂತ್ರಕ್ಕೂ ಪಂಚಾಂಗಕ್ಕೂ ವ್ಯತ್ಯಾಸವಿರಲಿಲ್ಲ. ಕಂಪನಿಯವರು ಅದನ್ನು ತಾವಾಗಿಯೇ ಒಪ್ಪಿಕೊಳ್ಳುತ್ತಿದ್ದರು, ಪಂಚಾಂಗದವರು ಒಪ್ಪುತ್ತಿರಲಿಲ್ಲ.

ಮೊದಮೊದಲು ಕಂಬ ಪಟ್ಟಣದ ಗಂಡಸೊಬ್ಬನ ದನಿಯಲ್ಲಿ ಮಾತಾಡುತ್ತಿತ್ತು. ಯಾರೂ ಏಳುತ್ತಿರಲಿಲ್ಲ. "ಬಸ್ ಸ್ಟ್ಯಾಂಡಿನ್ಯಾಗ ಬಸ್ ಬಂತು ಅಂತ ಹೇಳೋರ ದನಿ ಅದು," ಎಂದಿದ್ದಳು ಬೀಬಿಜಾನ, ಮೂಡಲ ಕಣದ ಹಿರಿಯಳು. "ಬಸ್ಸರ ಎಂದ ಬರತೈತಿ ಅವರು ಹೇಳಿದ್ಹಂಗ?" ಆಗ ಕಂಪನಿ ಊರಿನ ಹುಡುಗಿಯನ್ನೇ ಕೆಲಸಕ್ಕೆ ತೆಗೆದುಕೊಂಡಿತು. ಗಿರಿಜವ್ವನ ತಂಗಿ ಶಿವಲೀಲಾ ಒಂದು ವಾರ ಕೂತು ನಾಲ್ಕು ಸಾವಿರ ಮಾತುಗಳನ್ನು ಬಿಡಿಬಿಡಿಯಾಗಿ ಓದಿದಳು. ಯಂತ್ರ ಅವನ್ನು ಜೋಡಿಸಿಕೊಂಡು ಅವಳ ದನಿಯಲ್ಲೇ ಮಾತಾಡತೊಡಗಿತು. "ಕಣದವ್ರೇ, ಮುಚ್ಚ್ರಿ" ಎಂದರೆ ಈಗ ಎಲ್ಲರೂ ಏಳುತ್ತಿದ್ದರು. ದನಿ ಕೊಟ್ಟವಳಿಗೆ ನಿಯಂತ್ರಣ ಕೋಣೆಯಲ್ಲೇ ಒಂದು ಕುರ್ಚಿಯೂ ಸಿಕ್ಕಿತು. ಪರದೆಯ ಮೇಲಿನ ಅಂಕಿ ನೋಡಿ ತಪ್ಪು ಕಂಡರೆ ತಿಳಿಸುವುದು ಅವಳ ಕೆಲಸ. ಕೈಗೆ ಖಾರ ಹತ್ತದ ಕೆಲಸ. ಅವಳು ಕಾಡಿಗೆ ಹಚ್ಚಿಕೊಳ್ಳಲು ಶುರುಮಾಡಿದ್ದು ಆ ವರ್ಷ.

*

ಐದನೆಯ ಲಾಟು ನೆನೆದ ಮರುದಿನ ಸಂಜೆ ಗಿರಿಜವ್ವ ಅಂಗಳದಲ್ಲಿ ಕೂತು, ಖಾರ ಬಿಡಲೆಂದು ಕೈಗೆ ಕೊಬ್ಬರಿ ಎಣ್ಣೆ ತಿಕ್ಕಿಕೊಳ್ಳುತ್ತಿದ್ದಳು. ಶಿವಲೀಲಾ ರೊಟ್ಟಿ ಬಡಿಯುತ್ತಿದ್ದಳು.

"ನಿಮ್ಮ ಮಷೀನಿಗೆ ಕಣ್ಣದಾವಾ?" ಕೇಳಿದಳು ಅಕ್ಕ.

"ಯಾಕ?"

"ನಿನ್ನೆ ನಿನ್ನ ದನಿ ಮಳಿ ಇಲ್ಲ ಅಂತು. ಮಳಿ ಆತು. ಈ ವರ್ಷ ಇದು ಎರಡನೇದು. ಹೋದ ವರ್ಷಾನೂ ಹಂಗ, ಮೂರು ಸಲ."

"ಮುಗಿಲಕ್ಕಾ ಅದು. ಒಂದೊಂದ್ಸಲ ಲೆಕ್ಕ ತಪ್ಪತೈತಿ."

"ತಪ್ಪಲಿ, ಬ್ಯಾಡ ಅನ್ನಂಗಿಲ್ಲ. ಆದ್ರ ತಪ್ಪು ಅನ್ನೂದು ಕುಡ್ಡ ಇರತೈತಿ. ಕುಡ್ಡ ಅಂದ್ಮ್ಯಾಲೆ ಒಮ್ಮೆ ಎಡಕ್ಕ ಎಡವತೈತಿ, ಒಮ್ಮೆ ಬಲಕ್ಕ. ನಿಮ್ಮ ತಪ್ಪು ಐದಕ್ಕ ಐದು ಸಲ ನಮ್ಮ ಕಡೇನ ಬಂದು ಬಿದ್ದೈತಿ. ಈರಪ್ಪಮಾವನ ಕಣಕ್ಕ ಒಮ್ಮೆರ ಎಡವೇತೇನು?"

ಶಿವಲೀಲಾ ನಕ್ಕಳು. ರೊಟ್ಟಿ ಹೆಂಚಿನ ಮೇಲೆ ಉಬ್ಬಿತು, ಅವಳು ಅದನ್ನು ತಿರುವಿ ಹಾಕಲು ಮರೆತಳು.

"ಹೊತ್ತತು ನೋಡು," ಎಂದಳು ಅಕ್ಕ.

*

ಮರುದಿನ ಮಂಗಳವಾರ. ಶಿವಲೀಲಾ ಹಳೆಯ ದಿನಗಳ ದಾಖಲೆಗಳನ್ನು ತೆಗೆದು ನೋಡಿದಳು. ಐದೂ ದಿನ ಮೂಡಲ ಕಣದ ಹೆಸರಿನ ಮುಂದೆ ಎರಡೇ ಮಾತು ಇದ್ದವು: 'ತೆರೆದ ನೆಲ'. ಬೇರೆ ಯಾವ ದಿನವೂ ಇರಲಿಲ್ಲ. ಮೇಲಿನ ವಿಜ್ಞಾನಿ ಡಾಕ್ಟರ್ ಸುಧನ್ವ ಕಟ್ಟಿ ಧಾರವಾಡದವರು, ಸಜ್ಜನರು, ಯಾರೇ ಬಂದರೂ ಮೊದಲು ಚಹಾ ಹೇಳುವವರು. ಅವಳು ಅವರ ಕೋಣೆಗೆ ಹೋಗಿ ಕೇಳಿದಳು.

"ಕೂಡ್ರಿ. ಚಹಾ ತಗೋತೀರಿ?"

"ಬ್ಯಾಡ್ರಿ ಸರ. ತೆರೆದ ನೆಲ ಅಂದ್ರ ಏನ್ರಿ?"

ಕಟ್ಟಿಯವರು ಮುಚ್ಚಿಡಲು ನೋಡಲಿಲ್ಲ. ಎರಡು ವರ್ಷದಲ್ಲಿ ಈ ಪ್ರಶ್ನೆ ಕೇಳಿದವಳು ಇವಳೊಬ್ಬಳೇ ಎಂದು ಅವರಿಗೆ ಸಂತೋಷವೇ ಆಯಿತು. ತಾನು ಕಂಡುಹಿಡಿದದ್ದನ್ನು ಯಾರಿಗೂ ಹೇಳದೆ ಇಟ್ಟುಕೊಳ್ಳುವುದು ವಿಜ್ಞಾನಿಗಳಿಗೆ ಹೊಟ್ಟೆನೋವಿಗಿಂತ ಕಷ್ಟ.

"ಬಿಸಿಲಿಗೆ ಕಾದ ಕೆಂಪು ಕಾಯಿ ಅಂದ್ರ ಒಂದು ಒಲಿ ಇದ್ಹಂಗ ನೋಡ್ರಿ," ಎಂದರು. "ನಲವತ್ತು ಎಕರೆ ಒಲಿ. ಅದರ ಮ್ಯಾಲಿನ ಗಾಳಿ ಕಾದು ಮ್ಯಾಲೆ ಏರ್ತದ, ಮೋಡಕ್ಕ ದಾರಿ ಮಾಡಿ ಕೊಡ್ತದ. ಬಿಳೇ ತಾಡಪತ್ರಿ ಹಾಸಿದ್ರಿ ಅಂದ್ರ ಒಲಿ ಆರ್ತದ. ಬೂದಗುಡ್ಡದ ಮ್ಯಾಲೆ ಹುಟ್ಟಿದ ಮೋಡ ಆರಿದ ಒಲಿ ಬಿಟ್ಟು ಉರಿಯೋ ಒಲಿ ಹುಡುಕ್ಕೊಂಡು ಹೋಗ್ತದ. ಮೊದಮೊದಲು ನಮಗಿದು ತಿಳೀಲಿಲ್ಲ. ಎಲ್ಲಾರಿಗೂ ಹೇಳಿದಿವಿ, ಎಲ್ಲಾರೂ ಮುಚ್ಚಿದ್ರು, ಅದನ್ನ ನೋಡಿ ಮೋಡ ತನ್ನ ಮನಸ್ಸು ಬದಲಿ ಮಾಡ್ತು. ನಮ್ಮ ಲೆಕ್ಕ ಎಲ್ಲಾ ಸುಳ್ಳಾತು. ಒಂದು ದಿವ್ಸ ಮೂಡಲ ಕಣದ ಕಂಬ ಕೆಟ್ಟು ನಿಂತಿದ್ವು. ಆ ಕಡೆಗೂ ಕಂಬ ಹೇಳಿರ್ತದ ಅಂತ ಪಡುವಲದವರು ತಮ್ಮದಷ್ಟ ಮುಚ್ಚಿದ್ರು. ಅವತ್ತ ನಮ್ಮ ಲೆಕ್ಕ ನಿಮಿಷಕ್ಕ ನಿಮಿಷ ಸರಿ ಬಂತು."

"ಅಂದ್ರ..."

"ಅಂದ್ರ ಒಂದು ಕಣ ಮುಚ್ಚಬೇಕಾದ್ರ ಇನ್ನೊಂದು ತೆರೆದಿರಬೇಕು."

 "ಎರಡೂ ಕಣಕ್ಕ ಹೇಳಿದ್ರ ಏನಾಗತೈತ್ರಿ?" ಎಂದಳು ಶಿವಲೀಲಾ.

"ಮೋಡಕ್ಕ ಠಿಕಾಣಿ ಇರೂದಿಲ್ಲ. ಎಲ್ಲಿ ಬೇಕಾದಲ್ಲಿ ಸುರೀತದ. ತಾಡಪತ್ರಿ ಕೆಳಗ ನೀರು ಹೊಕ್ಕು ಎರಡೂ ಕಡೆ ಹತ್ತಕ್ಕ ಒಂದು ಚೀಲ ಹೋಗ್ತದ."

"ಹತ್ತಕ್ಕ ಒಂದು ಹೋದ್ರ ಹೋಗಲಿ ಅಲ್ರಿ. ಅದನ್ನ ಆರಿಸಿ ತೆಗಿಬಹುದು."

"ನಿಮಗ ಹೋಗಲಿ. ಪಡುವಲದವರು ಒಂದು ಹನೀನೂ ಬೀಳಬಾರದು ಅಂತ ಬರಿಸಿಕೊಂಡಾರ. ನಾವು ಅವರಿಗೆ ಮುನ್ಸೂಚನೆ ಮಾರ್ತಿಲ್ರಿ. ಒಣ ನೆಲ ಮಾರ್ತೇವಿ."

"ನಮ್ಮವ್ವಂದಿರಿಗೆ ಇದನ್ನ ಹೇಳಿಲ್ಲಲ್ರಿ ಸರ."

ಕಟ್ಟಿಯವರು ಕಪಾಟಿನಿಂದ ಒಂದು ಕಾಗದ ತೆಗೆದು ಮೂರನೆಯ ಪುಟ ತೋರಿಸಿದರು. ಉಚಿತ ಸೇವೆ ಪಡೆಯುವವರು ಕೇಂದ್ರದ ಪ್ರಯೋಗಗಳಿಗೆ ತಮ್ಮ ನೆಲವನ್ನು ಒದಗಿಸುವುದು ಎಂದು ಅದರಲ್ಲಿತ್ತು. ಕೆಳಗೆ ಗಿರಿಜವ್ವನ ಸಹಿ. ಅದರ ಕೆಳಗೆ ಸಾಕ್ಷಿಯ ಸಹಿ, ಶಿವಲೀಲಾ ಹಂಚಿನಮನಿ.

ಆ ಕಾಗದವನ್ನು ಮನೆಗೆ ಒಯ್ದವಳು ಅವಳೇ. "ಓದಿ ಹೇಳ್ಲೇನಕ್ಕಾ?" ಎಂದಿದ್ದಳು. "ನೀ ಓದೀಯಲ್ಲ, ಸಾಕ್ ಬಿಡು," ಎಂದಿದ್ದಳು ಅಕ್ಕ. ಅವಳು ಓದಿದ್ದು ನಿಜ. ಮೊದಲನೆಯ ಪುಟವನ್ನು ಪೂರ್ತಿ ಓದಿದ್ದಳು.

"ಮಳಿ ನಾ ತರಿಸಿಲ್ರಿ," ಎಂದರು ಕಟ್ಟಿಯವರು, ಸಮಾಧಾನ ಹೇಳುವ ದನಿಯಲ್ಲಿ. "ಅದು ಬರೂದ ಇತ್ತು. ಎಲ್ಲಿ ಅನ್ನೂದು ಅಷ್ಟ ನಮ್ಮ ಕೈಯಾಗ. ನೀವು ಚಿಂತಿ ಮಾಡಬ್ಯಾಡ್ರಿ. ನಿಮ್ಮಕ್ಕನವರ ಲಾಟು ಮುಂದಿನ ಗುರುವಾರ ಪರೀಕ್ಷೆಗೆ ಹೋಗ್ತದಲ್ಲ? ಅಲ್ಲೀತನಕ ಮೋಡದ ಲಕ್ಷಣನ ಇಲ್ಲ. ಹತ್ತು ದಿವ್ಸದ ಲೆಕ್ಕ ನೋಡೇನಿ."

*

ಎಂಟು ದಿನ ಶಿವಲೀಲಾ ಬಾಯಿ ಬಿಡಲಿಲ್ಲ. ಹೇಳಿದರೆ ಕೆಲಸ ಹೋಗುತ್ತದೆ ಎಂಬ ಹೆದರಿಕೆ ಇರಲಿಲ್ಲ ಎನ್ನಲಾಗದು. ಆದರೆ ಅದಕ್ಕಿಂತ ದೊಡ್ಡದು ಆ ಕಾಗದ. ಗುರುವಾರ ಲಾಟು ತೇರ್ಗಡೆಯಾಗಿಬಿಟ್ಟರೆ ಕಣ ಅಕ್ಕನದಾಗುತ್ತದೆ, ಆಮೇಲೆ ಹೇಳಿದರೂ ನಡೆಯುತ್ತದೆ, ಆಮೇಲೆ ಹೇಳದಿದ್ದರೂ ನಡೆಯುತ್ತದೆ ಎಂದು ಅವಳು ಲೆಕ್ಕ ಹಾಕಿದಳು. ಮೂರು ಗಂಟೆಯಾಚೆಯ ಲೆಕ್ಕ ಪಂಚಾಂಗಕ್ಕೆ ಸಮ ಎಂದು ಊರಿನಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲವಳು ಅವಳು. ಹತ್ತು ದಿನದ ಆ ಲೆಕ್ಕವನ್ನು ನಂಬಿದವಳೂ ಅವಳೊಬ್ಬಳೇ.

ಮನೆಯಲ್ಲಿ ಗಿರಿಜವ್ವ ಎಂದಿಲ್ಲದ ಹುರುಪಿನಲ್ಲಿದ್ದಳು. ಕಾಯಿ ಒಣಗಿ ಗಲಗಲ ಎನ್ನುತ್ತಿತ್ತು. ಒಂದನ್ನು ಮನೆಗೆ ತಂದು ತಂಗಿಯ ಕಿವಿಯ ಹತ್ತಿರ ಅಲ್ಲಾಡಿಸಿದಳು.

"ಕೇಳು. ಬೀಜದ ಸಪ್ಪಳ. ಗೆಜ್ಜಿ ಇದ್ಹಂಗ ಐತಿ."

"ಹೂಂ."

"ಹೂಂ ಅಂದ್ರ? ಮುಗುಳ್ನಗಿನರ ನಗವಾ. ಕಣ ನಮ್ಮದಾದ್ಮ್ಯಾಲೆ ಮೊದಲ ಒಂದು ನೀರಿನ ನಳ ಹಾಕಸ್ತೀನಿ. ಕೈ ತೊಳ್ಕೊಳ್ಳಾಕ. ನೂರಾ ಅರವತ್ತು ಹೆಂಗಸರು ತಮ್ಮ ಕಣ್ಣು ತಾವ ಒರಿಸ್ಕೋಬೇಕು."

ಶಿವಲೀಲಾ ಎದ್ದು ಒಳಗೆ ಹೋದಳು. "ನಿನ್ನ ತಂಗಿಗೆ ಗಂಡು ಗಿಂಡು ಗೊತ್ತಾಗೇತೇನು, ಬಾಳ ಮೆತ್ತಗಾಗ್ಯಾಳ," ಎಂದಳು ಎಲೆಯಡಿಕೆಗೆ ಬಂದಿದ್ದ ಬೀಬಿಜಾನ.

*

ಬುಧವಾರ ಮಧ್ಯಾಹ್ನ ಹನ್ನೆರಡೂ ಇಪ್ಪತ್ತಕ್ಕೆ ಬೂದಗುಡ್ಡದ ಮೇಲೆ ಒಂದು ಮೋಡ ಹುಟ್ಟಿತು. ಕಣ್ಣಿಗೆ ಕಾಣುವಂಥದ್ದಲ್ಲ, ಪರದೆಯ ಮೇಲೆ ಉಗುರಿನಷ್ಟು ಹಳದಿ. ಹತ್ತು ನಿಮಿಷದಲ್ಲಿ ಯಂತ್ರ ತನ್ನ ತೀರ್ಮಾನ ಬರೆಯಿತು. ಪಡುವಲ ಕಣ: ಈಗಲೇ ಮುಚ್ಚಿ. ಮೂಡಲ ಕಣ: ಮಳೆ ಇಲ್ಲ, ಬಿಸಿಲಿದೆ, ಹಾಗೇ ಇರಲಿ. ಮಳೆಯ ಸಮಯ, ಎರಡೂ ನಲವತ್ತು. ಮೂಡಲ ಕಣದ ಹೆಸರಿನ ಮುಂದೆ ಎರಡು ಮಾತು ಮೂಡಿದವು.

ಶಿವಲೀಲಾ ಕಟ್ಟಿಯವರ ಕೋಣೆಗೆ ನಡೆದಳು.

"ಸರ, ಇವತ್ತೊಂದು ದಿವ್ಸ. ನಾಳೆ ಅವರ ಲಾಟು ಹೋಗತೈತಿ. ಇವತ್ತೊಂದು ದಿವ್ಸ ಎರಡೂ ಕಣಕ್ಕ ಹೇಳ್ರಿ."

ಕಟ್ಟಿಯವರ ಮುಖ ನಿಜವಾಗಿಯೂ ಬಾಡಿತು. "ನನ್ನ ಕೈಯಾಗಿಲ್ಲರಿ ಅದು. ಮ್ಯಾಲಿನವರನ್ನ ಕೇಳಿ ನೋಡೋಣಂತ. ನೀವು ಕೂಡ್ರಿ."

ಅವಳು ಕೂತಳು. ಮೇಲಿನವರು ಊಟಕ್ಕೆ ಹೋಗಿದ್ದರು. ಬಂದ ಮೇಲೆ ಅವರ ಮೇಲಿನವರನ್ನು ಕೇಳಬೇಕಾಯಿತು. ಅವರು ಕಾಗದದ ಮೂರನೆಯ ಪುಟವನ್ನು ಕಳಿಸಿರೆಂದರು. ಪುಟ ಹೋಯಿತು. ಪುಟ ತಲುಪಿತೆಂದು ಉತ್ತರ ಬಂತು. ಗಾಳಿ, ಬಿಸಿ, ತೇವಗಳನ್ನು ನಿಮಿಷಕ್ಕೆ ಹತ್ತು ಸಲ ಅಳೆಯುವ ಕಂಪನಿಯಲ್ಲಿ ಒಬ್ಬ ಮನುಷ್ಯ ಇನ್ನೊಬ್ಬನಿಗೆ ಹೂಂ ಅಥವಾ ಉಹೂಂ ಅನ್ನಲು ಎಂಬತ್ತು ನಿಮಿಷ ಹಿಡಿಯಿತು. ಉತ್ತರ ಉಹೂಂ ಎಂದೇ ಬಂತು.

ಒಂದೂ ಐವತ್ತು. ಮೂಡಲ ಕಣ ಮುಚ್ಚಲು ನಲವತ್ತು ನಿಮಿಷ ಸಾಕು. ಶಿವಲೀಲಾ ಮೆಟ್ಟಿಲ ಮೇಲೆ ನಿಂತು ಅಕ್ಕನಿಗೆ ಫೋನು ಮಾಡಿದಳು.

"ಅಕ್ಕಾ, ಮಳಿ ಬರತೈತಿ. ಎರಡೂ ನಲವತ್ತಕ್ಕ. ಈಗಿಂದೀಗ ಮುಚ್ಚು."

"ಏ, ನಿನ್ನ ಕಂಬ ಈಗರ ಮಳಿ ಇಲ್ಲ ಅಂತಲ್ಲ."

"ಕಂಬ ಸುಳ್ಳು. ನಾ ಹೇಳ್ತೀನಿ. ಮುಚ್ಚು."

"ಕಂಬ ಸುಳ್ಳಾದ್ರ..." ಗಿರಿಜವ್ವ ಏರಿಯ ಕಡೆ ನೋಡಿದಳು. "ಎರಡೂ ಕಡೆ ಒಂದ ಮಷೀನಲ್ಲ?"

"ಹೌದು. ಮುಚ್ಚಕ್ಕಾ. ನಿನ್ನ ಕಣಾ ಮೊದಲ ಮುಚ್ಚು."

"ಹುಚ್ಚಿ," ಎಂದಳು ಗಿರಿಜವ್ವ ಪ್ರೀತಿಯಿಂದ, ಮತ್ತು ಫೋನು ಇಟ್ಟಳು.

ಪಡುವಲದವರಿಗೆ ಗೊತ್ತಿದೆ ಎಂಬ ಒಂದು ಮಾತನ್ನು ಶಿವಲೀಲಾ ಹೇಳಲಿಲ್ಲ. ಅದನ್ನು ಹೇಳಿದ್ದರೆ ಹೇಗೆ ಗೊತ್ತು, ಯಾವಾಗಿನಿಂದ ಗೊತ್ತು, ಯಾರು ಸಹಿ ಹಾಕಿಸಿದ್ದು ಎಂಬುದೆಲ್ಲ ಅದರ ಹಿಂದೆಯೇ ಬರುತ್ತಿತ್ತು. ಮಳೆ ಮುಗಿದ ಮೇಲೆ ಎಲ್ಲವನ್ನೂ ಹೇಳೋಣ ಎಂದುಕೊಂಡಳು.

ಮೂಡಲ ಕಣದಲ್ಲಿ ಗಿರಿಜವ್ವ ಸೆರಗು ಬಿಗಿದಳು. ಅವಳ ಯೋಚನೆಯಲ್ಲಿ ಒಂದು ತಪ್ಪೂ ಇರಲಿಲ್ಲ. ತಮ್ಮ ಕಂಬ ಮಳೆ ಇಲ್ಲ ಎನ್ನುತ್ತಿದೆ. ಯಂತ್ರ ಒಂದೇ. ಅಂದಮೇಲೆ ಏರಿಯ ಆಚೆಯ ಕಂಬವೂ ಹಾಗೇ ಎನ್ನುತ್ತಿರಬೇಕು. ಅಂದಮೇಲೆ ಈರಪ್ಪಮಾವನ ಕಣ ಬಯಲಿಗೆ ಬಿದ್ದಿದೆ, ಮತ್ತು ಮಳೆ ಬರುವುದು ಇಡೀ ಊರಿನಲ್ಲಿ ತನಗೊಬ್ಬಳಿಗೇ ಗೊತ್ತು. ಹಾಗೆ ಮೊದಲು ಗೊತ್ತಾದವರು ಏನು ಮಾಡಬೇಕೆಂದು ಬೂದಗಟ್ಟಿಯಲ್ಲಿ ಯಾರೂ ಯಾರನ್ನೂ ಕೇಳುವುದಿಲ್ಲ. ಫೋನು ಮಾಡಿ ತಿಳಿಸುವುದೂ ಪದ್ಧತಿಯಲ್ಲ. ತಾಡಪತ್ರಿಯ ಸೆರಗನ್ನು ಫೋನಿನಲ್ಲಿ ಹಿಡಿಯಲು ಬರುವುದಿಲ್ಲ.

"ಏಳ್ರಿ," ಎಂದಳು. "ಮಗ್ಗಲ ಕಣಾ."

"ಬಿಸಿಲು ಹಿಂಗ ಹೊಡಿಯಾಕತ್ತೈತಿ," ಎಂದಳು ಬೀಬಿಜಾನ, ಏಳುತ್ತಲೇ.

"ಶಿವಿ ಹೇಳ್ಯಾಳ. ಕಂಬ ಅಲ್ಲ, ಶಿವೀನ ಹೇಳ್ಯಾಳ."

ನೂರಾ ಅರವತ್ತು ಹೆಂಗಸರು ಹಳ್ಳಕ್ಕಿಳಿದು ಏರಿ ಹತ್ತಿದರು. ಹದಿನೈದು ನಿಮಿಷದ ದಾರಿ. ಏರಿಯ ನೆತ್ತಿಗೆ ಬಂದ ಗಿರಿಜವ್ವ ನಿಂತುಬಿಟ್ಟಳು. ಹಿಂದಿನಿಂದ ಬಂದವರು ಒಬ್ಬರಮೇಲೊಬ್ಬರು ತಾಗಿ ನಿಂತರು.

ಪಡುವಲ ಕಣ ಬೆಳ್ಳಗಿತ್ತು. ನಲವತ್ತು ಎಕರೆಯೂ ಬಿಳಿಯ ತಾಡಪತ್ರಿ, ಒಂದು ಸುಕ್ಕಿಲ್ಲ, ಅಂಚಿಗೆಲ್ಲ ಕಲ್ಲು ಹೇರಿದೆ. ಆಳುಗಳು ಚಪ್ಪರದ ಕೆಳಗೆ ಚಹಾ ಕುಡಿಯುತ್ತಿದ್ದರು. ಈರಪ್ಪ ಮೇಗೇರಿ ಬಸಿಯಲ್ಲಿ ಚಹಾ ಸುರಿದುಕೊಂಡು ಊದುತ್ತಿದ್ದವನು ತಲೆಯೆತ್ತಿದ. ನೂರಾ ಅರವತ್ತು ಜನರನ್ನು ಕಂಡಾಗ ಅವನ ಬಾಯಿಂದ ಬಂದದ್ದು ಅಭ್ಯಾಸದ ಮಾತು.

"ಬರ್ರಿ ಬರ್ರಿ. ಚಾ ಕುಡೀರಿ."

"ಯಾವಾಗ ಮುಚ್ಚಿದ್ರಿ ಮಾವಾ?" ಕೇಳಿದಳು ಗಿರಿಜವ್ವ.

"ಈಗ... ಒಂದು ತಾಸಾತು."

"ಮಳಿ ಬರತೈತಿ ಅಂತ ಗೊತ್ತಿತ್ತ?"

"ಕಂಬ ಹೇಳ್ತಲ್ಲವಾ."

"ನಮ್ಮ ಕಡೆ ಒಬ್ಬರೂ ಬರಲಿಲ್ಲ."

ಈರಪ್ಪ ಬಸಿಯನ್ನು ಕೆಳಗಿಡಲು ಜಾಗ ಹುಡುಕಿದ. ಇಪ್ಪತ್ತು ವರ್ಷದಲ್ಲಿ ಗಿರಿಜವ್ವ ಅವನ ಕಣದ ತಾಡಪತ್ರಿಯನ್ನು ಎಷ್ಟು ಸಲ ಎಳೆದಿದ್ದಳೋ ಅವನಿಗೂ ಲೆಕ್ಕವಿರಲಿಲ್ಲ. ಅವನ ಹೆಂಡತಿ ತೀರಿಕೊಂಡ ದಿನ ಮೋಡ ಕಟ್ಟಿದಾಗ, ಮನೆಯವರೆಲ್ಲ ಮಸಣದಲ್ಲಿದ್ದಾಗ, ಕಣ ಮುಚ್ಚಿದ್ದವಳು ಅವಳೇ.

"ಒಂದು ಕಾಗದ ಐತವಾ," ಎಂದ. "ಸೂಚನಾ ಬಂದಮ್ಯಾಲೆ ಹಳ್ಳ ದಾಟಬಾರದು, ಯಾರಿಗೂ ಹೇಳಬಾರದು ಅಂತ. ಹದಿಮೂರು ಜನಾನೂ ಸಹಿ ಮಾಡೇವಿ. ದಾಟಿದ್ರ ಒಣ ನೆಲದ ಮಾತು ಮುಗೀತು ಅಂತ. ನಾ ಒಬ್ಬವ ಆಗಿದ್ರ..."

"ಯಾವ ವರ್ಷ ಸಹಿ ಮಾಡಿದ್ರಿ?"

"ಹೋದ ವರ್ಷ."

ಗಿರಿಜವ್ವ ಮುಗಿಲ ಕಡೆ ನೋಡಿದಳು. ಬೂದಗುಡ್ಡದ ಮೇಲಿನ ಮೋಡ ಈಗ ಕಣ್ಣಿಗೆ ಕಾಣುತ್ತಿತ್ತು. ಬುಡ ಕಪ್ಪಗೆ, ನೆತ್ತಿ ಹೂಕೋಸಿನಂತೆ. ಅದು ಪಡುವಲ ಕಣದ ಉತ್ತರಕ್ಕೆ ಸರಿದು, ಏರಿಯ ಆಚೆ, ಕೆಂಪಗೆ ಕಾದ ನೆಲದ ಕಡೆಗೆ ಹೊರಟಿತ್ತು. ಅವಸರವಿಲ್ಲದೆ, ಮನೆಗೆ ಹೊರಟ ಎಮ್ಮೆಯ ಹಾಗೆ.

"ಓಡ್ರಿ," ಎಂದಳು.

ಓಡಿದರು. ಹಿಂದೆ ಪಡುವಲ ಕಣದ ಆಳುಗಳಲ್ಲಿ ನಾಲ್ಕೈದು ಜನ ಎದ್ದು ನಿಂತರು. ಈರಪ್ಪ ಏನೂ ಹೇಳಲಿಲ್ಲ. ಅವರು ಎದ್ದವರು ಎದ್ದ ಹಾಗೇ ನಿಂತರು.

ಹೆಂಗಸರು ಕಣ ಮುಟ್ಟಿದಾಗ ಎರಡೂ ಇಪ್ಪತ್ತು. ಮಳೆಗೆ ಮೊದಲು ಗಾಳಿ ಬಂತು. ಹಾಸಿದ ತಾಡಪತ್ರಿ ಹಾಯಿಯಂತೆ ಉಬ್ಬಿ ಮೂರು ಸಲ ಎದ್ದುಹೋಯಿತು. ಕಂಬಗಳು ಶಿವಲೀಲಾಳ ದನಿಯಲ್ಲಿ, ಅಕ್ಕರೆಯಿಂದ, "ಕಣದವ್ರೇ, ಮಳಿ ಇಲ್ಲ, ಹಂಗ ಇರಲಿ ಬಿಡ್ರಿ" ಎನ್ನುತ್ತಲೇ ಇದ್ದವು. ಎರಡೂ ನಲವತ್ತಕ್ಕೆ ಮೊದಲ ಹನಿ ಬಿತ್ತು. ಯಂತ್ರದ ಲೆಕ್ಕ ನಿಮಿಷಕ್ಕೆ ನಿಮಿಷ ಸರಿಯಾಗಿತ್ತು.

*

ಸಂಜೆ ಶಿವಲೀಲಾ ಎಲ್ಲವನ್ನೂ ಹೇಳಿದಳು. ಒಲೆ, ಮೋಡ, ತೆರೆದ ನೆಲ, ಮೂರನೆಯ ಪುಟ. ಗಿರಿಜವ್ವ ಗೋಡೆಗೆ ಒರಗಿ ಕೂತು ಕೇಳಿದಳು. ಕಣ್ಣಲ್ಲಿ ನೀರಿಳಿಯುತ್ತಿತ್ತು. ಕೈಗಳನ್ನು ಮೊಣಕಾಲ ಮೇಲೆ ಅಂಗೈ ಮೇಲಾಗಿ ಇಟ್ಟುಕೊಂಡಿದ್ದಳು. ತಂಗಿ ಸೆರಗು ಹಿಡಿದು ಒರೆಸಲು ಹೋದಾಗ ಮುಖ ಆಚೆ ತಿರುಗಿಸಿದಳು.

"ಎಂದಿನಿಂದ ಗೊತ್ತಿತ್ತು ನಿನಗ?"

"ಹೋದ ಮಂಗಳ್ವಾರದಿಂದ."

"ಎಂಟು ದಿವ್ಸ."

"ಮೋಡ ಇಲ್ಲ ಅಂದಿದ್ರು ಅಕ್ಕಾ."

"ಫೋನ್ ಮಾಡಿದಾಗರ ಅವರಿಗೆ ಗೊತ್ತೈತಿ ಅಂತ ಹೇಳಬಾರದಿತ್ತ? ಒಂದು ಮಾತು. ನನ್ನ ಕಣಾ ನಾ ಮುಚ್ಚಿರ್ತಿದ್ದೆ."

ಶಿವಲೀಲಾ ಹಿಡಿದ ಸೆರಗನ್ನು ಕೆಳಗೆ ಬಿಟ್ಟಳು.

"ಈರಪ್ಪಮಾವ ವರ್ತಕ," ಎಂದಳು ಗಿರಿಜವ್ವ. "ಕಂಪನಿ ಕಂಪನಿ. ಅವರು ಮಾಡೂದು ಅವರು ಮಾಡಿದ್ರು."  ಎದ್ದು ಹೋಗಿ ರೊಟ್ಟಿಯ ಹಿಟ್ಟು ನಾದಲು ಕೂತಳು. ಕೈಗೆ ಎಣ್ಣೆ ಹಚ್ಚಿಕೊಂಡಿಲ್ಲ ಎಂದು ನೆನಪಾಗಿ ಹಾಗೇ ಬಿಟ್ಟಳು. ಆ ರಾತ್ರಿ ಮನೆಯಲ್ಲಿ ಒಲೆ ಹೊತ್ತಲಿಲ್ಲ.

ಪರೀಕ್ಷೆಯಲ್ಲಿ ಆರು ಸಾವಿರ ಚೀಲವೂ ಹಿಂದಕ್ಕೆ ಬಂದವು. ಹೆಂಗಸರು ದೂರು ಕೊಟ್ಟರು. ದೂರನ್ನು ವಿಚಾರಿಸಿದವರು ಕಾಗದದ ಮೂರೂ ಪುಟ ಓದಿದರು. ಬೂದಗಟ್ಟಿಯಲ್ಲಿ ಆ ಕೆಲಸ ಮಾಡಿದವರಲ್ಲಿ ಅವರೇ ಮೊದಲಿಗರು. ಓದಿ, ಸಹಿಗಳೆಲ್ಲ ಸರಿಯಾಗಿವೆ ಎಂದು ಬರೆದರು. ಮಳೆಯನ್ನು ಯಾರೂ ತರಿಸಿಲ್ಲವೆಂದೂ ಅದರಲ್ಲಿತ್ತು. ಶಿವಲೀಲಾ ಕೆಲಸ ಬಿಟ್ಟಳು. ದನಿಯನ್ನು ಬಿಡಿಸಿಕೊಂಡು ಬರಲು ಆಗಲಿಲ್ಲ. ಅದನ್ನು ಅವಳು ಮೊದಲೇ ಬರೆದುಕೊಟ್ಟಿದ್ದಳು. ಅವಳು ಬೇರೆ ಊರಿಗೆ ಹೋಗಿ ಹೊಲಿಗೆ ಕಲಿತಳು. ಬೂದಗಟ್ಟಿಯ ಕಂಬಗಳಲ್ಲಿ ಅವಳು ಇದ್ದಳು.

ಕಣ ಹರಾಜಿಗೆ ಹೋಯಿತು. ತಾವೇ ಹಿಡಿಯೋಣವೆಂದು ಪಡುವಲದ ವರ್ತಕರು ಯೋಚಿಸಿದ್ದರು. ಕಟ್ಟಿಯವರು ಅವರನ್ನು ಚಹಾಕ್ಕೆ ಕರೆದು, ಎರಡೂ ಕಣ ನಿಮ್ಮದೇ ಆದರೆ ತೆರೆದಿಡುವುದು ಯಾವುದನ್ನು ಎಂದು ಕೇಳಿದ ಮೇಲೆ ಸುಮ್ಮನಾದರು. ಮೂಡಲ ಕಣವನ್ನು ಹತ್ತು ಮೈಲಿಯಾಚೆಯ ಹಳ್ಳಿಯೊಂದರ ರೈತರ ಸಂಘ ಹಿಡಿಯಿತು. ಅವರಿಗೆ ಹವಾಮಾನ ಸೇವೆ ಪುಕ್ಕಟೆ ಎಂದು ತಿಳಿದು ಬಹಳ ಸಂತೋಷವಾಯಿತು. ಅವರ ಸಂಘದವನೇ ಒಬ್ಬ ಓದಿದ ಹುಡುಗ ಸಾಕ್ಷಿ ಹಾಕಿದ.

ಗಿರಿಜವ್ವ, ಬೀಬಿಜಾನ ಮತ್ತು ಅವರ ಜತೆಯ ತೊಂಬತ್ತು ಹೆಂಗಸರಿಗೆ ಈರಪ್ಪ ತನ್ನ ಕಣದಲ್ಲಿ ತೊಟ್ಟು ಬಿಡಿಸುವ ಕೆಲಸ ಕೊಟ್ಟ. ತಾನಾಗಿಯೇ ಕರೆದು ಕೊಟ್ಟ. ಕೆಲಸಕ್ಕೆ ಸೇರುವ ದಿನ ಅವರೂ ಹಳ್ಳ ದಾಟಬಾರದೆಂಬ ಆ ಕಾಗದಕ್ಕೆ ಹೆಬ್ಬೆಟ್ಟು, ಸಹಿ ಹಾಕಿದರು. ಗಿರಿಜವ್ವ ಹಾಕುವ ಮೊದಲು ಯಾರಿಂದಲಾದರೂ ಪೂರ್ತಿ ಓದಿಸಬೇಕೆಂದು ಹಟ ಹಿಡಿದಳು. ಓದಿ ಹೇಳಿದರು. ಕೇಳಿ ಸಹಿ ಹಾಕಿದಳು.

ಮರುವರ್ಷ ಚೈತ್ರದಲ್ಲಿ ಒಂದು ಮಧ್ಯಾಹ್ನ ಪಡುವಲ ಕಣದ ಕಂಬ, "ಕಣದವ್ರೇ, ಮುಚ್ಚ್ರಿ" ಎಂದಿತು. ಗಿರಿಜವ್ವ ಕಂಬದ ಕಡೆ ಒಮ್ಮೆ ನೋಡಿದಳು. ಎಲ್ಲರೂ ಎದ್ದು ತಾಡಪತ್ರಿ ಎಳೆದರು, ಅಂಚಿಗೆ ಕಲ್ಲು ಹೇರಿದರು. ಚಪ್ಪರದ ಕೆಳಗೆ ಚಹಾ ಬಂತು. ಬಿಸಿಲು ಹೊಡೆಯುತ್ತಿತ್ತು. ಏರಿಯ ಆಚೆಯಿಂದ ಯಾರೋ ಹಾಡು ಹೇಳುತ್ತ ಕಾಯಿ ಹರವುತ್ತಿದ್ದದ್ದು ಕೇಳಿಸುತ್ತಿತ್ತು.

ಬೀಬಿಜಾನ ಬಸಿ ಕೆಳಗಿಟ್ಟಳು. "ಗಿರಿಜಾ," ಎಂದಳು. "ಮಗ್ಗಲ ಕಣಾ."

"ಕುಂದ್ರು," ಎಂದಳು ಗಿರಿಜವ್ವ. "ಚಾ ಆರತೈತಿ."

ಬೀಬಿಜಾನ ಕೂತಳು. ಆ ದಿನ ಎಮ್ಮೆಹಳ್ಳವನ್ನು ಯಾರೂ ದಾಟಲಿಲ್ಲ. ಪಡುವಲ ಕಣದಲ್ಲಿ ಒಂದು ಹನಿಯೂ ಬೀಳಲಿಲ್ಲ. ಮೂಡಲ ಕಣದಲ್ಲಿ ಮೂವತ್ತೆಂಟು ಮಿಲಿಮೀಟರ್ ಮಳೆಯಾಯಿತು.